ಕುಷ್ಠರೋಗಿಗಳ ವೈದ್ಯರಾದ ಡಾಕ್ಟರ್ ಕಾರ್ಟರ್ ಸಾಹೇಬರ ಚರಿತ್ರೆ



ನಮ್ಮ ಸೀಮೆಯ ಹಳ್ಳಿಗಳಲ್ಲಿ ಜ್ವರ ಬಂದರೆ ನೆರೆಯವರಿಗೆ ತಿಳಿಸುತ್ತಾರೆ. ಚೇಳು ಕಡಿದರೆ ಓಣಿಯವರನ್ನೆಲ್ಲಾ ಕೂಗಿ ಕರೆಯುತ್ತಾರೆ. ಆದರೆ ಮೈಮೇಲೆ ಸ್ಪರ್ಶಜ್ಞಾನವಿಲ್ಲದ ಒಂದು ಮಚ್ಚೆ ಕಾಣಿಸಿದರೆ ಗಂಡಸರು ಅಂಗಿಯ ತೋಳನ್ನೂ ಹೆಂಗಸರು ಸೀರೆಯ ಸೆರಗನ್ನೂ ಎಳೆದು ಅದನ್ನು ಮುಚ್ಚಿಕೊಳ್ಳುತ್ತಾರೆ. ನಮ್ಮ ಹಿರಿಯರು ಮಹಾರೋಗವೆಂದೂ ದೊಡ್ಡ ರೋಗವೆಂದೂ ಕರೆದ ಕುಷ್ಠರೋಗವು ಅದೇ ಆಗಿದ್ದೀತೆಂಬ ಭಯವೇ ಇದಕ್ಕೆ ಕಾರಣ. ಹೀಗೆ ಮುಚ್ಚಿಕೊಂಡದ್ದರಿಂದ ಆ ರೋಗವು ವಾಸಿಯಾಗಲಿಲ್ಲ. ಒಳಗೊಳಗೇ ಬೆಳೆದು ಕೈಕಾಲುಗಳನ್ನು ಕೆಡಿಸಿತು.

ಎಲ್ಲರೂ ಮುಖ ತಿರುಗಿಸಿದ ಈ ರೋಗವನ್ನು ಮುಖ ತಿರುಗಿಸದೆ ಬಹು ವರುಷ ಕಣ್ಣಿಟ್ಟು ನೋಡಿದ ಒಬ್ಬ ವೈದ್ಯರ ಚರಿತ್ರೆಯನ್ನು ಈ ಸಾರೆ ನಮ್ಮ ವಾಚಕರ ಮುಂದೆ ಇಡುತ್ತೇವೆ. ಅವರು ಹೆನ್ರಿ ವ್ಯಾಂಡೈಕ್ ಕಾರ್ಟರ್ ಸಾಹೇಬರು. ಮುಂಬಯಿಯೂ ಸಾತಾರೆಯೂ ಅವರು ಕೆಲಸ ಮಾಡಿದ ಮುಖ್ಯ ಸ್ಥಳಗಳು. ಆದರೆ ಆ ಕಾಲದಲ್ಲಿ ನಮ್ಮ ಧಾರವಾಡ ಜಿಲ್ಲೆಯು ಮುಂಬಯಿ ಇಲಾಖೆಗೆ ಸೇರಿತ್ತು. ನವಲಗುಂದ, ಅಣ್ಣಿಗೇರಿ, ಕಲಘಟಗಿಗಳನ್ನು ಮುಂಬಯಿ ಸರಕಾರದವರು ಆಳುತ್ತಿದ್ದರು. ಕುಂದಗೋಳವು ಜಮಖಂಡಿ ಸಂಸ್ಥಾನದ ಕೈಯಲ್ಲಿತ್ತು. ಆ ಇಲಾಖೆಯ ಕುಷ್ಠರೋಗಿಗಳ ಸ್ಥಿತಿಯನ್ನು ಕ್ರಮವಾಗಿ ವಿಚಾರಿಸಿ, ಬರೆದು, ಸರಕಾರದ ಮುಂದೆ ಇಟ್ಟವರು ಇವರೇ. ಆದಕಾರಣ ಇವರ ಚರಿತ್ರೆಯು ನಮಗೆ ಹೊರಗಿನದಲ್ಲ.

ಬಾಲ್ಯವೂ ವಿದ್ಯಾಭ್ಯಾಸವೂ

ಕಾರ್ಟರರು 1831ನೆಯ ಇಸವಿ ಮೇ ತಿಂಗಳ 22ನೆಯ ತಾರೀಖಿನಲ್ಲಿ ಇಂಗ್ಲಂಡ್ ದೇಶದ ಹಲ್ ಎಂಬ ಬಂದರದ ಊರಲ್ಲಿ ಹುಟ್ಟಿದರು. ಅವರ ತಂದೆ ಹೆನ್ರಿ ಬಾರ್ಲೋ ಕಾರ್ಟರರು ಚಿತ್ರ ಬರೆದು ಜೀವನ ಮಾಡುವವರು; ಸಮುದ್ರವನ್ನೂ ಹಡಗುಗಳನ್ನೂ ಬಿರುಗಾಳಿಯನ್ನೂ ನೀರುಬಣ್ಣಗಳಿಂದ ಬರೆಯುವದರಲ್ಲಿ ಹೆಸರಾದವರು. ವ್ಯಾಂಡೈಕ್ ಎಂಬುವದು ಹಿಂದಿನ ಕಾಲದ ಪ್ರಖ್ಯಾತ ಚಿತ್ರಗಾರನೊಬ್ಬನ ಹೆಸರು. ಕಾರ್ಟರರ ಮನೆಯವರು ಸ್ಕಾರ್ಬರೋ ಎಂಬ ಸಮುದ್ರತೀರದ ಊರಲ್ಲಿ ನೆಲೆಸಿದರು. ತಂದೆಯ ಕೈಯ ಕುಂಚವನ್ನು ನೋಡುತ್ತಾ ಬೆಳೆದ ಬಾಲಕನಿಗೆ ಒಂದು ಸಾಮರ್ಥ್ಯವು ಸಹಜವಾಗಿಯೇ ಬಂತು. ಅದೇನಂದರೆ, ಕಣ್ಣೆದುರಿಗೆ ಇರುವದನ್ನು ಹೆಚ್ಚಿಸದೆ ಕಡಿಮೆ ಮಾಡದೆ ಇದ್ದ ಹಾಗೆಯೇ ಬರೆಯುವದು.

ಹುಡುಗನು ತಂದೆಯ ಕಸಬನ್ನು ಹಿಡಿಯದೆ ವೈದ್ಯವಿದ್ಯೆಯನ್ನು ಆರಿಸಿಕೊಂಡನು. ಲಂಡನ್ ಪಟ್ಟಣದ ಸೇಂಟ್ ಜಾರ್ಜ್ ದವಾಖಾನೆಗೆ ಸೇರಿದ ಶಾಲೆಯಲ್ಲಿ ಕಲಿತು, ಪ್ಯಾರಿಸ್ ಪಟ್ಟಣದಲ್ಲಿಯೂ ಅಭ್ಯಾಸ ಮಾಡಿ, 1856ರಲ್ಲಿ ಎಂ.ಡಿ. ಪದವಿಯನ್ನು ಪಡೆದನು. ಆ ವರುಷಗಳಲ್ಲಿ ಕಾರ್ಟರರು ದಿನಚರಿಯನ್ನು ಬರೆದಿಡುತ್ತಿದ್ದರು. ತನ್ನ ನಂಬಿಕೆಯು ಬಲಹೀನವಾಗಿದೆ, ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲುವದಿಲ್ಲ, ಕಾಲವು ವ್ಯರ್ಥವಾಗಿ ಹೋಗುತ್ತದೆ ಎಂಬ ವ್ಯಥೆಯು ಅದರಲ್ಲಿ ಮೇಲಿಂದ ಮೇಲೆ ಕಾಣುತ್ತದೆ. ಇತರರನ್ನು ಪರೀಕ್ಷಿಸುವದಕ್ಕೆ ಮುಂಚೆ ಅವರು ತಮ್ಮನ್ನೇ ಪರೀಕ್ಷಿಸಿಕೊಳ್ಳುವವರಾಗಿದ್ದರು.

ಹೆಸರು ಚಿಕ್ಕದಾದ ಪುಸ್ತಕ

ಆ ದವಾಖಾನೆಯಲ್ಲಿ ಹೆನ್ರಿ ಗ್ರೇ ಎಂಬ ಚುರುಕಾದ ವೈದ್ಯರಿದ್ದರು. ಮನುಷ್ಯ ಶರೀರದ ಎಲುಬು, ಸ್ನಾಯು, ರಕ್ತನಾಳ, ನರಗಳನ್ನೆಲ್ಲಾ ವಿವರಿಸುವ ಪುಸ್ತಕವೊಂದನ್ನು ವಿದ್ಯಾರ್ಥಿಗಳಿಗೋಸ್ಕರ ಮಾಡಬೇಕೆಂದು ಅವರು ಯೋಚಿಸಿದರು. ಬರಹವು ಗ್ರೇಯವರದು, ಚಿತ್ರಗಳು ಕಾರ್ಟರರದು ಎಂದು ಗೊತ್ತಾಯಿತು. ಇಬ್ಬರೂ ಕೂಡಿ ಸತ್ತವರ ದೇಹಗಳನ್ನು ಬಿಡಿಸಿ ನೋಡಿದರು. ಕಾರ್ಟರರು ಮರದ ಹಲಗೆಗಳ ಮೇಲೆ ನೂರಾರು ಚಿತ್ರಗಳನ್ನು ಬರೆದು, ಆಯಾ ಅಂಗದ ಮೇಲೆಯೇ ಅದರ ಹೆಸರನ್ನು ಕಾಣಿಸಿದರು. 1858ರಲ್ಲಿ ಆ ಪುಸ್ತಕವು 363 ಚಿತ್ರಗಳೊಡನೆ ಪ್ರಕಟವಾಯಿತು. ಆ ವರುಷದಿಂದ ಇಂದಿನ ವರೆಗೂ ಅದು ಹೊಸ ಹೊಸದಾಗಿ ತಿದ್ದಲ್ಪಟ್ಟು ಅಚ್ಚಾಗುತ್ತಾ ಬಂದಿದೆ. ಇಂಗ್ಲಿಷಿನಲ್ಲಿ ವೈದ್ಯವಿದ್ಯೆಯನ್ನು ಕಲಿತವರಲ್ಲಿ ಅದರ ಹೆಸರನ್ನು ಕೇಳದವರು ವಿರಳ.

ಆದರೆ ಅದು ಗ್ರೇಯವರ ಪುಸ್ತಕವೆಂದೇ ಲೋಕದಲ್ಲಿ ಪ್ರಸಿದ್ಧವಾಗಿದೆ. ಮೊದಲ ಹಾಳೆಯ ಮೇಲೆ ಕಾರ್ಟರರ ಹೆಸರನ್ನು ಗ್ರೇಯವರ ಹೆಸರಿಗಿಂತ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸಿದರು. ಗ್ರೇಯವರಿಗೆ ಪುಸ್ತಕವು ಮಾರಾಟವಾದಂತೆಲ್ಲಾ ಹಣ ಬರುವ ಕರಾರಾಯಿತು. ಕಾರ್ಟರರಿಗೆ 150 ಪೌಂಡುಗಳನ್ನು ಒಂದೇ ಸಾರೆ ಕೊಟ್ಟು ಲೆಕ್ಕ ತೀರಿಸಿದರು. ಕಾರ್ಟರರು ಇದಕ್ಕೋಸ್ಕರ ಜಗಳಕ್ಕೆ ನಿಲ್ಲಲಿಲ್ಲ. ಪುಸ್ತಕವು ಅಂಗಡಿಗೆ ಬರುವದಕ್ಕೆ ಮುಂಚೆಯೇ ಅವರು ಹಡಗನ್ನು ಹತ್ತಿ ಹಿಂದುಸ್ಥಾನಕ್ಕೆ ಹೊರಟುಹೋಗಿದ್ದರು. ಗ್ರೇಯವರಾದರೋ ಮೂರು ವರುಷಗಳೊಳಗೆ ಸಿಡುಬಿನ ಬೇನೆಯಿಂದ ಯೌವನದಲ್ಲಿಯೇ ತೀರಿಕೊಂಡರು.

ಮುಂಬಯಿಗೆ ಬಂದದ್ದು

ಕಾರ್ಟರರು ಮುಂಬಯಿಯಲ್ಲಿ ಇಳಿದದ್ದು 1858ನೆಯ ಇಸವಿಯ ಆರಂಭದಲ್ಲಿ. ನಮ್ಮ ಭಾಗದ ನರಗುಂದದ ಬಾಬಾಸಾಹೇಬನು ಇಂಗ್ಲಿಷರ ಮೇಲೆ ಎದ್ದದ್ದು ಅದೇ ವರುಷ. ದೇಶವು ಇನ್ನೂ ಶಾಂತವಾಗಿರಲಿಲ್ಲ. ಕಾರ್ಟರರು ಗ್ರಾಂಟ್ ವೈದ್ಯಶಾಲೆಯಲ್ಲಿ ಶರೀರಶಾಸ್ತ್ರವನ್ನು ಕಲಿಸುವ ಪಂಡಿತರಾಗಿ ನೇಮಕವಾದರು. ಜೊತೆಗೆ ಜಮಶೇಟಜಿ ಜೀಜೀಭಾಯಿ ದವಾಖಾನೆಯಲ್ಲಿ ರೋಗಿಗಳನ್ನು ನೋಡುತ್ತಿದ್ದರು.

ಅವರ ಮನೆಯ ಬಾಳು ಸುಖಕರವಾಗಿರಲಿಲ್ಲ. ಮುಂಬಯಿಗೆ ಬಂದ ಮರುವರುಷ ಆದ ವಿವಾಹವು ದುಃಖದಲ್ಲಿ ಮುಗಿದು, ಗಂಡಹೆಂಡರು ಅಗಲಿದರು. ಒಂಟಿಯಾದ ಮನುಷ್ಯನು ಕೆಲಸದಲ್ಲಿಯೇ ಮನಸ್ಸನ್ನು ನಿಲ್ಲಿಸಿದನು.

ಆ ಪಟ್ಟಣದ ಧರ್ಮಶಾಲೆಯಲ್ಲಿ ಕುಷ್ಠರೋಗಿಗಳಾದ ಭಿಕ್ಷುಕರು ಬಿದ್ದುಕೊಂಡಿದ್ದರು. ಕೊಂಕಣದಿಂದಲೂ ಘಟ್ಟದ ಮೇಲಿನ ಸೀಮೆಗಳಿಂದಲೂ ಮನೆಯವರು ಹೊರಗೆ ಹಾಕಿದ ಜನರು ನಡೆಯುತ್ತಾ ಬಂದು ಆ ದೊಡ್ಡ ಪಟ್ಟಣವನ್ನು ಸೇರುತ್ತಿದ್ದರು. ಔಷಧವಿಲ್ಲದ ರೋಗವಾದ್ದರಿಂದ ಅವರನ್ನು ನೋಡಿ ಫಲವೇನೆಂದು ಬಹುಜನ ವೈದ್ಯರು ಹಾದುಹೋಗುತ್ತಿದ್ದರು. ಕಾರ್ಟರರು ನಿಂತರು. ಅವರು ರೋಗಿಯ ಪಕ್ಕದಲ್ಲಿ ಕುಳಿತು ಮಚ್ಚೆಗಳನ್ನು ನೋಡಿದರು, ಎಲ್ಲಿ ಸ್ಪರ್ಶವಿದೆ ಎಲ್ಲಿ ಇಲ್ಲವೆಂದು ಪರೀಕ್ಷಿಸಿದರು, ಮುಖವನ್ನೂ ಕೈಗಳನ್ನೂ ಬಣ್ಣಗಳಿಂದ ಬರೆದುಕೊಂಡರು. ಸತ್ತವರ ದೇಹವನ್ನು ಪರೀಕ್ಷಿಸಿ ಕೈಕಾಲುಗಳಿಗೆ ಹೋಗುವ ನರಗಳು ದಪ್ಪವಾಗಿ ಊದಿಕೊಂಡಿರುವದನ್ನು ಕಂಡರು. 1862ರಲ್ಲಿ ಮುಂಬಯಿಯ ವೈದ್ಯಸಂಘದವರು ಅವರ ದೀರ್ಘವಾದ ಲೇಖನವನ್ನು ಪ್ರಕಟಿಸಿದರು.

ಈ ನರಗಳ ಸಂಗತಿಯು ಬಹಳ ಮುಖ್ಯವಾದದ್ದು. ಕುಷ್ಠರೋಗವು ಮೊದಲು ನರಗಳ ಜ್ಞಾನವನ್ನು ತೆಗೆದುಬಿಡುತ್ತದೆ. ಆ ಮೇಲೆ ರೊಟ್ಟಿ ಮಾಡುವ ತಾಯಿಯ ಬೆರಳಿಗೆ ಹಂಚಿನ ಬಿಸಿ ತಿಳಿಯುವದಿಲ್ಲ. ಹೊಲದಲ್ಲಿ ಕುಂಟೆ ಹೊಡೆಯುವವನ ಕಾಲಿಗೆ ಜಾಲಿಯ ಮುಳ್ಳು ನಟ್ಟರೂ ನೋವಾಗುವದಿಲ್ಲ. ನೋವು ಇಲ್ಲದ್ದರಿಂದ ಗಾಯಕ್ಕೆ ಆರೈಕೆಯಿಲ್ಲ. ಆರೈಕೆಯಿಲ್ಲದ ಗಾಯವು ಕೊಳೆತು ಎಲುಬಿಗೆ ಮುಟ್ಟುತ್ತದೆ. ಬೆರಳುಗಳು ಮೊಂಡಾಗುವದಕ್ಕೆ ಹೆಚ್ಚಾಗಿ ಈ ಗಾಯಗಳೇ ಕಾರಣವೆಂದು ಕಾರ್ಟರರ ಕಾಲದ ಮೇಲೆ ಬಹು ವರುಷಗಳಾದ ತರುವಾಯ, 1946ರಲ್ಲಿ ವೆಲ್ಲೂರಿಗೆ ಬಂದ ಪಾಲ್ ಬ್ರಾಂಡ್ ಎಂಬ ವೈದ್ಯರು ಸ್ಪಷ್ಟವಾಗಿ ತೋರಿಸಿದರು. ದೇಹವು ಶಾಪದಿಂದ ಉದುರುತ್ತದೆಂದು ಜನರು ನಂಬಿದ್ದ ಕಡೆಯಲ್ಲಿ ಕಾರ್ಟರರು ಕಂಡದ್ದು ಊದಿಕೊಂಡ ಒಂದು ನರವನ್ನು. ಭಯಕ್ಕೆ ಬದಲಾಗಿ ಕಾರಣವನ್ನು ಹುಡುಕುವ ದಾರಿಯು ಹೀಗೆ ಆರಂಭವಾಯಿತು.

ಕುಷ್ಠವೊಂದನ್ನೇ ಅವರು ಪರೀಕ್ಷಿಸಲಿಲ್ಲ. ಬರಿಗಾಲಿನಲ್ಲಿ ಹೊಲಗೆಲಸ ಮಾಡುವ ಬಡವರ ಅಂಗಾಲು ಊದಿ, ತೂತುಗಳು ಬಿದ್ದು, ಕಪ್ಪು ಕಾಳುಗಳಂಥ ವಸ್ತು ಹೊರಗೆ ಬರುವ ಒಂದು ವ್ಯಾಧಿಯುಂಟು. ಅದು ಬೂಸ್ಟಿನ ಜಾತಿಯ ಸೂಕ್ಷ್ಮ ಜೀವಿಯಿಂದ ಬರುತ್ತದೆಂದು ಅವರು ವಿವರಿಸಿ, 1874ರಲ್ಲಿ ಅದರ ಮೇಲೆಯೂ ಪುಸ್ತಕವನ್ನು ಪ್ರಕಟಿಸಿದರು.

ಸಾತಾರೆಯಲ್ಲಿ

1863ರಲ್ಲಿ ಕಾರ್ಟರರು ಸಾತಾರೆಗೆ ಸಿವಿಲ್ ಸರ್ಜನರಾಗಿ ಹೋಗಿ ಸುಮಾರು ಒಂಭತ್ತು ವರುಷ ಅಲ್ಲಿದ್ದರು. ಅಲ್ಲಿ ಅವರಿಗೆ ಹಳ್ಳಿಯ ಕುಷ್ಠರೋಗಿಯ ಪರಿಚಯವಾಯಿತು. ಪಟ್ಟಣದ ಭಿಕ್ಷುಕನಿಗೆ ಮನೆಯಿಲ್ಲ. ಹಳ್ಳಿಯ ರೋಗಿಗಾದರೋ ತಂದೆತಾಯಿ, ಹೆಂಡತಿಮಕ್ಕಳು, ಅಣ್ಣತಮ್ಮಂದಿರು ಇರುತ್ತಾರೆ. ಯಾರಿಗೆ ಮೊದಲು ಬಂತು, ಆ ಮೇಲೆ ಯಾರಿಗೆ ಬಂತು, ಒಂದೇ ಮನೆಯಲ್ಲಿದ್ದರೂ ಯಾರಿಗೆ ಬರಲಿಲ್ಲ ಎಂಬುದನ್ನು ಅವರು ವಂಶದ ಪಟ್ಟಿಗಳಾಗಿ ಬರೆದರು.

ಇದಲ್ಲದೆ 1867ರಲ್ಲಿ ಮುಂಬಯಿ ಇಲಾಖೆಯಲ್ಲಿ ಸರಕಾರದವರು ಕುಷ್ಠರೋಗಿಗಳ ಲೆಕ್ಕವನ್ನು ತರಿಸಿದ್ದರು. ಆ ಲೆಕ್ಕದ ಪಟ್ಟಿಗಳನ್ನು ಆಧಾರವಾಗಿಟ್ಟು ರೋಗವು ಎಲ್ಲಿ ಎಷ್ಟು, ಯಾವ ರೂಪದಲ್ಲಿ ಎಂಬ ವರದಿಯನ್ನು ಕಾರ್ಟರರೇ ಬರೆದರು. ಲೆಕ್ಕ ಬರೆಯುವದು ಒಣ ಕೆಲಸವೆಂದು ಕೆಲವರು ನೆನಸಾರು. ಆದರೆ ಊರ ಹೊರಗೆ ಗುಡಿಸಲಲ್ಲಿ ಕುಳಿತ ಮನುಷ್ಯನು ಯಾರ ಲೆಕ್ಕಕ್ಕೂ ಇಲ್ಲದವನಾಗಿದ್ದನು. ಮನೆಯವರು ಅವನ ಹೆಸರೆತ್ತುವದನ್ನು ಬಿಟ್ಟಿದ್ದರು. ಅಂಥವನು ಒಂದು ಪಟ್ಟಿಯಲ್ಲಿ ಕಾಣಿಸಿಕೊಂಡರೆ, ಅವನೂ ರಾಜ್ಯದ ಪ್ರಜೆಯು, ಅವನಿಗೋಸ್ಕರವೂ ಏನಾದರೂ ಮಾಡತಕ್ಕದ್ದು ಎಂಬ ಮಾತು ಎದ್ದುನಿಲ್ಲುತ್ತದೆ.

ಈ ರೋಗವು ಹೇಗೆ ಬರುತ್ತದೆಂಬುದು ಆಗ ಯಾರಿಗೂ ಖಂಡಿತವಾಗಿ ತಿಳಿದಿರಲಿಲ್ಲ. ಲಂಡನಿನ ದೊಡ್ಡ ವೈದ್ಯರ ಸಭೆಯವರು 1867ರಲ್ಲಿ ತಮ್ಮ ಅಭಿಪ್ರಾಯವನ್ನು ಪ್ರಕಟಿಸಿ, ಇದು ಒಬ್ಬರಿಂದ ಒಬ್ಬರಿಗೆ ಅಂಟುವದಲ್ಲವೆಂದು ಹೇಳಿದ್ದರು. ತಂದೆತಾಯಿಗಳ ರಕ್ತದಿಂದ ಮಕ್ಕಳಿಗೆ ಇಳಿದುಬರುತ್ತದೆಂದು ಆಗಿನ ಬಹುಮಂದಿ ಪಂಡಿತರು ನಂಬಿದ್ದರು. ಕಾರ್ಟರರ ಮನಸ್ಸೂ ಆ ಕಡೆಗೇ ವಾಲಿತ್ತು. ಯಾಕಂದರೆ ಅವರ ಪಟ್ಟಿಗಳಲ್ಲಿ ಒಂದೇ ಕುಟುಂಬದಲ್ಲಿ ಹಲವರು ರೋಗಿಗಳಿದ್ದರು. ಆದರೆ ವಂಶದಲ್ಲಿ ಯಾರಿಗೂ ಇಲ್ಲದವರಿಗೂ ರೋಗವು ಬಂದದ್ದುಂಟು. ಈ ತೊಡಕನ್ನು ಬಿಡಿಸುವದಕ್ಕೆ ಅವರು ದೂರದೇಶಕ್ಕೆ ಹೋಗಬೇಕಾಯಿತು.

ನಾರ್ವೆ ದೇಶದ ಪ್ರಯಾಣ

1872ರಲ್ಲಿ ಅವರಿಗೆ ದೀರ್ಘವಾದ ರಜೆ ಸಿಕ್ಕಿತು. ಬಹಳ ವರುಷ ಬಿಸಿಲಿನ ದೇಶದಲ್ಲಿ ದುಡಿದವರು ರಜೆಯಲ್ಲಿ ವಿಶ್ರಾಂತಿಯನ್ನು ಹುಡುಕುವದು ಸಹಜ. ಕಾರ್ಟರರು ಕುಷ್ಠರೋಗಿಗಳು ಎಲ್ಲಿದ್ದಾರೆಂದು ವಿಚಾರಿಸಿ ಅಲ್ಲಿಗೇ ಹೊರಟರು. 1873ರಲ್ಲಿ ಅವರು ನಾರ್ವೆ ದೇಶಕ್ಕೆ ಮುಟ್ಟಿದರು.

ನಾರ್ವೆ ಎಂಬುವದು ಯುರೋಪಿನ ಬಡಗಲ ತುದಿಯಲ್ಲಿರುವ ಚಳಿಯ ದೇಶ. ಕುಷ್ಠರೋಗವು ಬಿಸಿಲಿನ ದೇಶಗಳಿಗೆ ಮಾತ್ರ ಸೇರಿದ್ದೆಂದು ನಾವು ನೆನಸಬಾರದು. ಅಲ್ಲಿಯ ಮೀನುಗಾರರಲ್ಲಿಯೂ ಒಕ್ಕಲಿಗರಲ್ಲಿಯೂ ಅದು ಬಹಳವಾಗಿತ್ತು. 1856ರಲ್ಲಿ ಆ ಸರಕಾರದವರು ರೋಗಿಗಳ ಹೆಸರುಗಳನ್ನು ದೇಶದಲ್ಲೆಲ್ಲಾ ಬರೆಯಿಸಲಾರಂಭಿಸಿದಾಗ 2,800ಕ್ಕಿಂತ ಹೆಚ್ಚು ಮಂದಿ ಕಂಡುಬಂದರು. ಬರ್ಗನ್ ಎಂಬ ಪಟ್ಟಣದಲ್ಲಿ ಅವರಿಗೋಸ್ಕರ ದವಾಖಾನೆಗಳಿದ್ದವು. ಅಲ್ಲಿ ದಾನಿಯಲ್‍ಸನ್ ಎಂಬ ಹಿರಿಯ ವೈದ್ಯರೂ ಅವರ ಅಳಿಯನಾದ ಹಾನ್ಸನ್ ಎಂಬ ಕಿರಿಯ ವೈದ್ಯರೂ ಕೆಲಸ ಮಾಡುತ್ತಿದ್ದರು. ಮಾವನು ರೋಗವು ವಂಶದಿಂದ ಬರುತ್ತದೆಂದು ನಂಬಿದವನು. ಅಳಿಯನು ಅಂಟಿನಿಂದ ಬರುತ್ತದೆಂದು ಹೇಳುವವನು.

1873ನೆಯ ಇಸವಿ ಫೆಬ್ರವರಿ 28ರಂದು ಹಾನ್ಸನರು ಒಬ್ಬ ರೋಗಿಯ ಮೈಮೇಲಿನ ಗಂಟಿನಿಂದ ತೆಗೆದ ರಸವನ್ನು ಸೂಕ್ಷ್ಮದರ್ಶಕ ಯಂತ್ರದ ಕೆಳಗೆ ಇಟ್ಟು, ಅದರಲ್ಲಿ ಚಿಕ್ಕ ಕಡ್ಡಿಗಳಂತಿರುವ ಕ್ರಿಮಿಗಳನ್ನು ಕಂಡಿದ್ದರು. ಮನುಷ್ಯರ ದೀರ್ಘವ್ಯಾಧಿಯೊಂದಕ್ಕೆ ಇಂಥ ಕ್ರಿಮಿಯೇ ಕಾರಣವೆಂದು ಹೇಳುವ ಧೈರ್ಯವು ಆಗ ಬಹುಜನರಿಗೆ ಇರಲಿಲ್ಲ. ಅದೇ ವರುಷ ಅಲ್ಲಿಗೆ ಹೋದ ಕಾರ್ಟರರು ಹಾನ್ಸನರ ಕೆಲಸವನ್ನು ಪರಿಶೀಲಿಸಿದರು. ನಾರ್ವೆಯ ರೋಗವೂ ಹಿಂದುಸ್ಥಾನದ ರೋಗವೂ ಒಂದೇ ಎಂದು ಕಂಡುಕೊಂಡರು. ಹಾನ್ಸನರು ಹೇಳಿದ್ದು ಗಣನೆಗೆ ತಕ್ಕದ್ದೆಂದು ಒಪ್ಪಿ, ತಮ್ಮ ಹಿಂದಿನ ಅಭಿಪ್ರಾಯದಿಂದ ತಿರುಗಿ, ಅಂಟುರೋಗದ ಪಕ್ಷವನ್ನು ಹಿಡಿದರು. ಹತ್ತು ವರುಷ ಕಷ್ಟಪಟ್ಟು ಪಟ್ಟಿಗಳನ್ನು ಕೂಡಿಸಿದ ಪಂಡಿತನು ತನಗಿಂತ ಕಿರಿಯನಾದ ಪರದೇಶದವನ ಮಾತಿಗೆ ಒಳಗಾಗುವದು ಸುಲಭವಲ್ಲ. ಕಾರ್ಟರರಿಗೆ ತಮ್ಮ ಪಾಂಡಿತ್ಯಕ್ಕಿಂತ ರೋಗಿಯ ಹಿತವು ದೊಡ್ಡದಾಗಿತ್ತು.

1874ರಲ್ಲಿ ಅವರ ಎರಡು ಬರಹಗಳು ಹೊರಟವು. ಒಂದು, ನಾರ್ವೆ ದೇಶದ ಕುಷ್ಠರೋಗಿಗಳ ಆಶ್ರಮಗಳ ವರದಿಯು. ಇನ್ನೊಂದು, ಕುಷ್ಠರೋಗವನ್ನೂ ಆನೆಕಾಲನ್ನೂ ಕುರಿತ ದೊಡ್ಡ ಪುಸ್ತಕವು. ಅದರಲ್ಲಿ ಅವರು ಬಣ್ಣಗಳಿಂದ ಬರೆದ ಚಿತ್ರಗಳಿವೆ. ಅದೇ 1874ರಲ್ಲಿ ಐರ್ಲಂಡ್ ದೇಶದ ವೆಲೆಸ್ಲಿ ಬೇಲಿಯವರು ಕುಷ್ಠರೋಗಿಗಳ ಮಿಶನನ್ನು ಸ್ಥಾಪಿಸಿದರು. 1869ರಲ್ಲಿ ಪಂಜಾಬದ ಅಂಬಾಲೆಯಲ್ಲಿ ಒಂದು ಸಾಲು ಗುಡಿಸಲುಗಳಲ್ಲಿದ್ದ ರೋಗಿಗಳನ್ನು ಕಂಡು ಅವರ ಮನಸ್ಸು ಕರಗಿತ್ತು. ಒಬ್ಬರು ರೋಗದ ಕಾರಣವನ್ನು ಹುಡುಕಿದರು, ಇನ್ನೊಬ್ಬರು ರೋಗಿಗೆ ಮನೆಯನ್ನು ಕಟ್ಟಿಸಿದರು. ಎರಡೂ ಬೇಕಾಗಿದ್ದವು.

ಕಾರ್ಟರರು ಬಡಗಲ ಇಟಲಿ, ಗ್ರೀಸಿನ ದ್ವೀಪಗಳು, ಪಲಸ್ತೀನ ಇವೇ ಮೊದಲಾದ ಸೀಮೆಗಳಲ್ಲಿಯೂ ಈ ರೋಗವನ್ನು ವಿಚಾರಿಸಿ ಬರೆದರು. ಹಿಂದಿರುಗಿ ಬಂದ ಮೇಲೆ ಕಾಠೇವಾಡದಲ್ಲಿ ಸಂಚರಿಸಿ ಅಲ್ಲಿಯ ರೋಗಿಗಳ ವರದಿಯನ್ನೂ 1876ರಲ್ಲಿ ಕೊಟ್ಟರು.

ಅವರು ಬೇಡಿದ್ದು

ನಾರ್ವೆಯಲ್ಲಿ ರೋಗಿಗಳ ಹೆಸರುಗಳನ್ನು ಬರೆದು, ದವಾಖಾನೆಗಳನ್ನು ಏರ್ಪಡಿಸಿ, ಆರೋಗ್ಯವಂತರಿಂದ ಅವರನ್ನು ಬೇರ್ಪಡಿಸಿದ್ದರಿಂದ ರೋಗವು ಕಡಿಮೆಯಾಗುತ್ತಿತ್ತು. ಹಾಗೆಯೇ ಇಲ್ಲಿಯೂ ಆಶ್ರಮಗಳನ್ನು ಕಟ್ಟಿಸಿ, ರೋಗಿಗಳಿಗೆ ಅನ್ನ, ವಸ್ತ್ರ, ಚಿಕಿತ್ಸೆಗಳನ್ನು ಕೊಟ್ಟು ಪ್ರತ್ಯೇಕವಾಗಿ ಇಡಬೇಕೆಂದು ಕಾರ್ಟರರು ಸರಕಾರಕ್ಕೆ ಬರೆದರು. ಆದರೆ ಅವರು ಬೇಡಿದ ಏರ್ಪಾಡು ಅವರ ಸೇವಾಕಾಲದಲ್ಲಿ ಇಲಾಖೆಯಲ್ಲೆಲ್ಲಾ ನಡೆಯಲಿಲ್ಲ. ಅವರು ಈ ದೇಶವನ್ನು ಬಿಟ್ಟ ಎರಡು ವರುಷಗಳ ಮೇಲೆ, 1890ರಲ್ಲಿ, ಮುಂಬಯಿಯ ನಗರಾಧಿಕಾರಿಗಳಾದ ಆಕ್ವರ್ಥ್ ಸಾಹೇಬರ ಪ್ರಯತ್ನದಿಂದ ಮಾಟುಂಗದಲ್ಲಿ ಕುಷ್ಠರೋಗಿಗಳ ಆಶ್ರಮವು ಆಯಿತು.

ಈ ಸಲಹೆಯ ವಿಷಯವಾಗಿ ನಾವು ಸತ್ಯವನ್ನು ಮರೆಮಾಡದೆ ಹೇಳತಕ್ಕದ್ದು. ರೋಗಿಯನ್ನು ಮನೆಯಿಂದ ಬೇರ್ಪಡಿಸುವದು ಕಠಿಣವಾದ ಮಾತು. ಔಷಧವಿಲ್ಲದ ಆ ಕಾಲದಲ್ಲಿ ಅಂಟನ್ನು ತಡೆಯುವದಕ್ಕೆ ವೈದ್ಯರಿಗೆ ಬೇರೆ ದಾರಿಯು ಕಾಣಲಿಲ್ಲ. ಕಾರ್ಟರರು ಕೇಳಿದ್ದು ಆಶ್ರಮವನ್ನು. ಆದರೆ ಸೆರೆಮನೆಗೂ ಆಶ್ರಮಕ್ಕೂ ನಡುವೆ ಇರುವ ಗೋಡೆಯು ತೆಳ್ಳಗಿನದು. ಅವರು ತೀರಿಕೊಂಡ ಮರುವರುಷ, ಅಂದರೆ 1898ರಲ್ಲಿ, ಹಿಂದುಸ್ಥಾನ ಸರಕಾರದವರು ಕುಷ್ಠರೋಗಿಗಳ ಕಾಯಿದೆಯನ್ನು ಮಾಡಿದರು. ಗತಿಯಿಲ್ಲದೆ ಅಲೆಯುವ ರೋಗಿಯನ್ನು ಪೊಲೀಸರು ವಾರಂಟು ಇಲ್ಲದೆ ಹಿಡಿಯಬಹುದೆಂದು ಅದರಲ್ಲಿ ಬರೆದಿತ್ತು. ಸಿರಿವಂತನಾದ ರೋಗಿಯು ತನ್ನ ಮಹಡಿಯಲ್ಲಿ ಇರಬಹುದಾಗಿತ್ತು, ಹಿಡಿಯಲ್ಪಡುವವನು ಬಡವನು. ಆ ಕಾಯಿದೆಯನ್ನು ನಮ್ಮ ಪಾರ್ಲಿಮೆಂಟಿನವರು ಪೂರ್ಣವಾಗಿ ತೆಗೆದುಹಾಕಿದ್ದು 2016ರಲ್ಲಿ.

ಬರದ ಜ್ವರ

ಧಾತು ಸಂವತ್ಸರದ ಬರವನ್ನು ನಮ್ಮ ಪೂರ್ವಿಕರು ಮರೆಯಲಿಲ್ಲ. 1876ರಿಂದ 1878ರ ವರೆಗೆ ಇದ್ದ ಆ ಬರದಲ್ಲಿ ಧಾರವಾಡ, ಕಲಾದಗಿ ಸೀಮೆಗಳ ಎರೆಹೊಲಗಳು ಬೆಂದುಹೋದವು. ಜನರೂ ದನಗಳೂ ದಾರಿಯಲ್ಲಿ ಬಿದ್ದು ಸತ್ತರು. ಹಸಿದವರು ಗುಂಪುಗುಂಪಾಗಿ ಮುಂಬಯಿಗೆ ಹೋದಾಗ ಅವರೊಳಗೆ ಒಂದು ಜ್ವರವು ಹುಟ್ಟಿತು. ಅದು ಕೆಲವು ದಿವಸ ಸುಟ್ಟು, ಬಿಟ್ಟು, ಪುನಃ ಮರಳಿ ಬರುವದು. ಆಗ ಗೋಕುಲದಾಸ ತೇಜಪಾಲ ದವಾಖಾನೆಯಲ್ಲಿದ್ದ ಕಾರ್ಟರರು 1877ರಲ್ಲಿ ಆ ರೋಗಿಗಳ ರಕ್ತವನ್ನು ಯಂತ್ರದ ಕೆಳಗೆ ನೋಡಿ, ತಿರುಚಿದ ನೂಲಿನಂಥ ಕ್ರಿಮಿಗಳನ್ನು ಕಂಡುಹಿಡಿದರು. ಆ ಕೆಲಸದಲ್ಲಿ ಅದೇ ಜ್ವರವು ಅವರಿಗೂ ಅಂಟಿತು. ಗುಣವಾದ ಮೇಲೆ ಅವರು ಕ್ರಿಮಿಗಳ ಹುಡುಕಾಟವನ್ನು ಬಿಡಲಿಲ್ಲ. 1882ರಲ್ಲಿ ಅದರ ಪುಸ್ತಕವನ್ನು ಪೂರೈಸಿದರು. 1887ರಲ್ಲಿ ಚಳಿಜ್ವರದ ಕ್ರಿಮಿಯನ್ನೂ ಈ ದೇಶದ ರೋಗಿಗಳ ರಕ್ತದಲ್ಲಿ ಕಂಡು ವರ್ಣಿಸಿದರು.

ಅಂತ್ಯಕಾಲ

ಕಾರ್ಟರರು ಗ್ರಾಂಟ್ ವೈದ್ಯಶಾಲೆಯ ಮುಖ್ಯಸ್ಥರಾಗಿಯೂ ಇದ್ದು, ಮೂವತ್ತು ವರುಷಗಳ ಸೇವೆಯನ್ನು ಮುಗಿಸಿ 1888ರಲ್ಲಿ ಸ್ವದೇಶಕ್ಕೆ ತೆರಳಿದರು. 1890ರಲ್ಲಿ ವಿಕ್ಟೋರಿಯಾ ರಾಣಿಯವರ ಗೌರವವೈದ್ಯರೆಂಬ ಮಾನವು ಅವರಿಗೆ ದೊರೆಯಿತು. ಅದೇ ವರುಷ ಅವರು ಪುನಃ ವಿವಾಹವಾಗಿ, ಬಹುಕಾಲ ಇಲ್ಲದ ಗೃಹಸುಖವನ್ನು ಮುಪ್ಪಿನಲ್ಲಿ ಕಂಡರು. 1897ನೆಯ ಇಸವಿ ಮೇ 4ರಂದು, ಬಾಲ್ಯದಲ್ಲಿ ತಂದೆಯ ಚಿತ್ರಗಳನ್ನು ನೋಡಿದ ಸ್ಕಾರ್ಬರೋ ಊರಲ್ಲಿಯೇ, ಕ್ಷಯರೋಗದಿಂದ ತೀರಿಕೊಂಡರು. ಆಗ ಅವರಿಗೆ 65 ವರುಷ.

ಕುಷ್ಠಕ್ಕೆ ಔಷಧವನ್ನು ಅವರು ಕಾಣಲಿಲ್ಲ. ತಾವು ನೋಡಿದ ನೂರಾರು ರೋಗಿಗಳಲ್ಲಿ ಒಬ್ಬನನ್ನಾದರೂ ಸಂಪೂರ್ಣವಾಗಿ ವಾಸಿಮಾಡುವ ಶಕ್ತಿಯು ಅವರಿಗೆ ಇರಲಿಲ್ಲ. ಆದರೂ ಅವರು ನೋಡುವದನ್ನು ಬಿಡಲಿಲ್ಲ. ಇದೇ ಅವರ ಚರಿತ್ರೆಯ ಸಾರವೆಂದು ನಾವು ತಿಳಿಯುತ್ತೇವೆ.

ಆ ಮೇಲೆ ನಡೆದದ್ದು

ಕಾರ್ಟರರು ಬಿತ್ತಿದ್ದನ್ನು ಬೇರೆಯವರು ಕೊಯ್ದರು. ಬಹುಕಾಲ ಚೌಲ್ಮೋಗ್ರ ಎಂಬ ಬೀಜದ ಎಣ್ಣೆಯೇ ಈ ರೋಗದ ಔಷಧವಾಗಿತ್ತು. ಅದರಿಂದ ಕೆಲವರಿಗೆ ಸ್ವಲ್ಪ ಉಪಶಮನವಾಗುವದು, ಹಲವರಿಗೆ ಏನೂ ಆಗದು. 1941ರಲ್ಲಿ ಅಮೇರಿಕದ ಕಾರ್ವಿಲ್ ಎಂಬಲ್ಲಿ ಸಲ್ಫೋನ್ ಜಾತಿಯ ಔಷಧವು ಫಲಕಾರಿಯೆಂದು ಕಂಡಿತು. ಆ ಜಾತಿಯ ಡ್ಯಾಪ್ಸೋನ್ ಎಂಬ ಔಷಧವನ್ನು ಸ್ವಲ್ಪ ವರುಷಗಳಲ್ಲಿಯೇ ನಮ್ಮ ನೆರೆಯ ಮದ್ರಾಸು ಸೀಮೆಯ ಚೆಂಗಲಪಟ್ಟಿನಲ್ಲಿ ಕಾಕ್ರನ್ ಎಂಬ ವೈದ್ಯರು ರೋಗಿಗಳಿಗೆ ಕೊಟ್ಟು ನೋಡಿದರು. 1955ರಲ್ಲಿ ನಮ್ಮ ದೇಶದ ಸರಕಾರವು ಕುಷ್ಠರೋಗ ನಿಯಂತ್ರಣದ ಕಾರ್ಯವನ್ನು ಆರಂಭಿಸಿತು. ಮರುವರುಷ ನಮ್ಮ ಧಾರವಾಡ ಜಿಲ್ಲೆಯು ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಒಂದೇ ಔಷಧಕ್ಕೆ ಕ್ರಿಮಿಗಳು ಬಗ್ಗದೆ ಹೋಗಲಾಗಿ, ರಿಫಾಂಪಿಸಿನ್, ಕ್ಲೋಫಜಿಮಿನ್, ಡ್ಯಾಪ್ಸೋನ್ ಎಂಬ ಔಷಧಗಳನ್ನು ಕೂಡಿಸಿ ಕೊಡುವ ಕ್ರಮವು 1982ರ ಸುಮಾರಿಗೆ ಲೋಕದಲ್ಲೆಲ್ಲಾ ರೂಢಿಗೆ ಬಂತು. ರೋಗವು ಅಲ್ಪವಾಗಿದ್ದರೆ 6 ತಿಂಗಳು, ಹೆಚ್ಚಾಗಿದ್ದರೆ 12 ತಿಂಗಳು ಗುಳಿಗೆ ತಕ್ಕೊಂಡರೆ ವಾಸಿಯಾಗುತ್ತದೆ. ಗುಳಿಗೆಗಳನ್ನು ತಕ್ಕೊಳ್ಳಲಾರಂಭಿಸಿದ ಸ್ವಲ್ಪ ದಿವಸಗಳಲ್ಲಿಯೇ ರೋಗಿಯಿಂದ ಅಂಟು ಹರಡುವದು ನಿಂತುಹೋಗುತ್ತದೆ. ಆದಕಾರಣ ಕಾರ್ಟರರ ಕಾಲದಲ್ಲಿ ಅವಶ್ಯವೆಂದು ಕಂಡ ಬೇರ್ಪಡಿಸುವಿಕೆಯು ಈಗ ಬೇಡವೇ ಬೇಡ.

2005ರ ಕೊನೆಗೆ ನಮ್ಮ ದೇಶದಲ್ಲಿ 10,000 ಜನರಲ್ಲಿ ಒಬ್ಬನಿಗಿಂತ ಕಡಿಮೆ ರೋಗಿಗಳೆಂಬ ಮಟ್ಟಕ್ಕೆ ಇದು ಇಳಿಯಿತು. ಆದರೆ ಇದು ತೀರಿಹೋಯಿತೆಂದು ಯಾರೂ ನೆನಸಬಾರದು. 2022-23ರ ಒಂದೇ ವರುಷದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೊಸ ರೋಗಿಗಳು ದೇಶದಲ್ಲಿ ಕಂಡುಬಂದರು. ಲೋಕದ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ನಮ್ಮವರೇ.

ನಮಗೆ ಸೇರಿದ ಮಾತು

ವಾಚಕರೇ, ಈಗ ಔಷಧವುಂಟು, ಅದು ಸರಕಾರದ ದವಾಖಾನೆಗಳಲ್ಲಿ ಹಣವಿಲ್ಲದೆ ಸಿಕ್ಕುತ್ತದೆ. ಹಾಗಾದರೆ ಇನ್ನೂ ಬೆರಳುಗಳು ಕೆಡುವದು ಯಾಕೆ? ಮುಚ್ಚಿಕೊಳ್ಳುವದರಿಂದಲೇ. ಈ ಕ್ರಿಮಿಯು ಬಹಳ ಮೆಲ್ಲಗೆ ಬೆಳೆಯುವದು. ಒಳಗೆ ಹೊಕ್ಕ ಮೇಲೆ ಕುರುಹು ಕಾಣುವದಕ್ಕೆ ಸಾಮಾನ್ಯವಾಗಿ ಐದು ವರುಷ, ಕೆಲವು ಸಾರೆ ಇಪ್ಪತ್ತು ವರುಷವೂ ಹಿಡಿಯುವದು. ಚಿಕಿತ್ಸೆ ಇಲ್ಲದ ರೋಗಿಯ ಸಂಗಡ ಬಹುಕಾಲ ಹತ್ತಿರದಲ್ಲಿದ್ದರೆ, ಅವನ ಮೂಗುಬಾಯಿಗಳ ತುಂತುರಿನಿಂದ ಅದು ಅಂಟಬಹುದು. ಆದರೂ ಬಹುಮಂದಿಯ ದೇಹವು ಅದನ್ನು ತಾನೇ ತಡೆಯುತ್ತದೆ. ಕೈ ಹಿಡಿದರೆ, ಒಂದೇ ಚಾಪೆಯ ಮೇಲೆ ಕುಳಿತು ಉಂಡರೆ ಬರುವದಿಲ್ಲ. ಹಾಲಿನಂತೆ ಬೆಳ್ಳಗಾಗುವ ತೊನ್ನು ಬೇರೆ. ಅದು ಕುಷ್ಠವಲ್ಲ, ಅಂಟುವದೂ ಇಲ್ಲ. ಕುಷ್ಠದ ಮಚ್ಚೆಯು ಸ್ವಲ್ಪ ಮಾಸಲಾಗಿ ಅಥವಾ ಕೆಂಪಾಗಿರುವದು, ಅದರಲ್ಲಿ ಸ್ಪರ್ಶವು ಮಂದವಾಗಿರುವದು. ಅಂಥ ಮಚ್ಚೆಯು ಕಂಡರೆ, ಇಲ್ಲವೆ ಅಂಗೈ ಅಂಗಾಲುಗಳು ಜೋಮು ಹಿಡಿದರೆ, ಆಶಾ ಕಾರ್ಯಕರ್ತೆಗೆ ತೋರಿಸಿ ಆರೋಗ್ಯ ಕೇಂದ್ರಕ್ಕೆ ಹೋಗತಕ್ಕದ್ದು.

ಇದು ಪೂರ್ವಪಾಪದ ಫಲವೆಂದು ಹೇಳುವವರು ನಮ್ಮ ನೆರೆಯಲ್ಲಿದ್ದಾರೆ. ನಮ್ಮ ಸಭೆಗಳಲ್ಲಿಯೂ ಯಾಜಕಕಾಂಡವನ್ನು ತೋರಿಸಿ ರೋಗಿಯನ್ನು ಅಶುದ್ಧನೆನ್ನುವವರಿದ್ದಾರೆ. ಸತ್ಯವೇದದಲ್ಲಿ ಕುಷ್ಠವೆಂಬ ಮಾತು ಈ ಒಂದೇ ರೋಗಕ್ಕೆ ಸೇರಿದ್ದಲ್ಲ. ಹಲವು ಚರ್ಮವ್ಯಾಧಿಗಳಿಗೂ, ಬಟ್ಟೆಯ ಮತ್ತು ಗೋಡೆಯ ಕಲೆಗಳಿಗೂ ಅದೇ ಹೆಸರು ಅಲ್ಲಿ ಬಂದಿದೆಯೆಂದು ಪಂಡಿತರು ತೋರಿಸಿದ್ದಾರೆ. ಕರ್ತನಾದರೋ ಅಂಥವರನ್ನು ದೂರದಿಂದ ನೋಡಿ ಹೋಗಲಿಲ್ಲವೆಂಬುದನ್ನು ನಮ್ಮ ವಾಚಕರು ಬಲ್ಲರು. ಕುಷ್ಠವನ್ನು ವಿವಾಹವಿಚ್ಛೇದನಕ್ಕೆ ಕಾರಣವಾಗಿ ಎಣಿಸುತ್ತಿದ್ದ ಮಾತನ್ನೂ 2019ರಲ್ಲಿ ಕಾಯಿದೆಗಳಿಂದ ತೆಗೆದುಹಾಕಿದ್ದಾರೆ. ಕ್ರೈಸ್ತರ ವಿಚ್ಛೇದನದ ಕಾಯಿದೆಯೂ ಅವುಗಳಲ್ಲಿ ಸೇರಿದೆ. ಕಾಗದದ ಮೇಲಿಂದ ಹೋದದ್ದು ನಮ್ಮ ಮನೆಗಳಿಂದಲೂ ಹೋಗಬೇಕು.

ಆದದರಿಂದ ವಾಸಿಯಾದವನು ಊರಿಗೆ ತಿರುಗಿ ಬಂದಾಗ, ಅವನ ಬೆರಳುಗಳು ಸೊಟ್ಟಗಿದ್ದರೂ, ಆರಾಧನೆಯಲ್ಲಿ ಅವನಿಗೆ ಬೇರೆ ಮೂಲೆಯನ್ನು ತೋರಿಸಬೇಡಿರಿ. ಅವನ ಮಗಳಿಗೆ ಸಂಬಂಧ ಬಂದರೆ ಅಡ್ಡಮಾತು ಆಡಬೇಡಿರಿ. ಮಚ್ಚೆಯನ್ನು ಮುಚ್ಚಿಕೊಂಡವನನ್ನು ಕಂಡರೆ ಅವನಿಗೆ ಧೈರ್ಯ ಹೇಳಿ, ಜೊತೆಯಲ್ಲಿಯೇ ದವಾಖಾನೆಗೆ ನಡೆಯಿರಿ. ಕೊಡುವದಕ್ಕೆ ಔಷಧವಿಲ್ಲದ ದಿವಸಗಳಲ್ಲಿಯೂ ಕಾರ್ಟರ್ ಸಾಹೇಬರು ರೋಗಿಯ ಪಕ್ಕದಲ್ಲಿ ಕುಳಿತರು. ಔಷಧವು ಕೈಯಲ್ಲಿರುವ ಈ ದಿವಸಗಳಲ್ಲಿ ನಾವು ಎದ್ದು ದೂರ ಹೋದರೆ ನಮಗೆ ಯಾವ ನೆವವೂ ಉಳಿಯದು.